ಪರದೆಯೊಳಗಿನ ಸಂಪಾದಕಿ

ಉರ್ದು ಪತ್ರಿಕೆಗಳ ಚರಿತ್ರೆ ಓದುವಾಗ ಸಾಲುಸಾಲಾಗಿ ಎದುರಾಗುವುದು ಗಂಡಸರ ಹೆಸರುಗಳೇ. ಅವುಗಳ ನಡುವೆ ನನ್ನನ್ನು ತಡೆದು ನಿಲ್ಲಿಸಿದ್ದು ಲಾಹೋರಿನ ಒಬ್ಬ ಗೃಹಿಣಿ, ಮುಹಮ್ಮದಿ ಬೇಗಂ.

ಆಕೆ ಹುಟ್ಟಿದ್ದು 1878ರಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಸಯ್ಯದ್ ಮುಮ್ತಾಜ್ ಅಲಿಯವರಿಗೆ ಎರಡನೆಯ ಹೆಂಡತಿಯಾಗಿ ಬಂದರು. ತೀರಿಕೊಂಡ ಮೊದಲ ಹೆಂಡತಿಯ ಮಕ್ಕಳೂ ಆ ಮನೆಯಲ್ಲಿದ್ದರು. ಗಂಡ ದೇವಬಂದಿನಲ್ಲಿ ಓದಿದವರು. ಆದರೂ ಹೆಣ್ಣು ಗಂಡಿಗಿಂತ ಕಡಿಮೆಯವಳಲ್ಲವೆಂದು ವಾದಿಸಿ ಪುಸ್ತಕವನ್ನೇ ಬರೆದರು. ಹೆಂಡತಿಗೆ ಅರಬ್ಬಿ, ಪಾರ್ಸಿ ತಾವೇ ಕಲಿಸಿದರು.

1898ರ ಜುಲೈಯಲ್ಲಿ ‘ತಹ್‌ಜೀಬ್-ಎ-ನಿಸ್ವಾಂ’ ವಾರಪತ್ರಿಕೆ ಶುರುವಾಯಿತು. ಸಂಪಾದಕಿ ಮುಹಮ್ಮದಿ ಬೇಗಂ. ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಿದರು. ಎಷ್ಟೋ ಪ್ರತಿಗಳು ಹಾಗೆಯೇ ಹಿಂದಿರುಗಿದವು, ಮೇಲೆ ಅಶ್ಲೀಲ ಬೈಗುಳ ಗೀಚಿಸಿಕೊಂಡು. ಮೂರು ತಿಂಗಳು ಕಳೆದರೂ ಚಂದಾದಾರರು ಅರವತ್ತೋ ಎಪ್ಪತ್ತೋ. ಇಪ್ಪತ್ತರ ಹುಡುಗಿ ಆ ಬೈಗುಳ ನೋಡಿ ಮಾರನೆಯ ವಾರದ ಸಂಚಿಕೆಗೆ ಹೇಗೆ ಕುಳಿತಳೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪತ್ರಿಕೆಯಲ್ಲಿದ್ದುದು ಕ್ರಾಂತಿಯ ಘೋಷಣೆಯಲ್ಲ. ಮನೆವಾರ್ತೆ, ಮಕ್ಕಳ ಪಾಲನೆ, ಹೆಣ್ಣುಮಕ್ಕಳ ಓದು, ಅರ್ಥವಿಲ್ಲದ ದುಂದುವೆಚ್ಚದ ಶಾಸ್ತ್ರಗಳು. ‘ಅಡುಗೆಮನೆ ವಿಷಯ’ ಎಂದು ಇವನ್ನು ತಳ್ಳಿಹಾಕುವವರು ಈಗಲೂ ಇದ್ದಾರೆ. ನಮ್ಮ ಮನೆಯಲ್ಲಿ ವಾರಪತ್ರಿಕೆ ಅಮ್ಮನ ಕೈಗೆ ಸಿಗುತ್ತಿದ್ದುದು ಗಂಡಸರೆಲ್ಲ ಓದಿ ಮುಗಿಸಿದ ಮೇಲೆ. ಹೊಸ್ತಿಲು ದಾಟದ ಹೆಂಗಸರಿಗೆ ತಮ್ಮದೇ ಪತ್ರಿಕೆಯೊಂದು ಮನೆಬಾಗಿಲಿಗೆ ಬಂದದ್ದು ಎಂಥ ಸಂಗತಿ ಎಂಬುದು ಅದರಿಂದ ನನಗೆ ಅರ್ಥವಾಗುತ್ತದೆ.

ಓದುಗರೇ ಬರೆಯತೊಡಗಿದರು. ಪರಪುರುಷರ ಕಣ್ಣಿಗೆ ಹೆಸರೂ ಬೀಳಬಾರದೆಂಬ ಕಾಲ. ‘ಇಂಥವರ ಮಗಳು’, ‘ಇಂಥವರ ತಾಯಿ’ ಎಂದೇ ಸಹಿ. ಹಾಗೆ ‘ಬಿಂತ್ ನಜ್ರುಲ್ ಬಾಖರ್’, ಅಂದರೆ ನಜ್ರುಲ್ ಬಾಖರರ ಮಗಳು, ಎಂದು ಬರೆದ ಹುಡುಗಿಯೇ ಮುಂದೆ ಕಾದಂಬರಿಕಾರ್ತಿ ನಜರ್ ಸಜ್ಜಾದ್ ಹೈದರ್. ಆಕೆಯ ಮಗಳು ಕುರ್ರತುಲೈನ್ ಹೈದರ್. 1989ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಅವರಿಗೆ.

ಮುಹಮ್ಮದಿ ಬೇಗಂ ಇದಾವುದನ್ನೂ ನೋಡಲಿಲ್ಲ. ಕಾದಂಬರಿ, ಮನೆವಾರ್ತೆಯ ಪುಸ್ತಕಗಳನ್ನು ಬರೆಯುತ್ತ, ಹತ್ತು ವರ್ಷ ಪತ್ರಿಕೆ ನಡೆಸಿ, 1908ರಲ್ಲಿ ಮೂವತ್ತನೆಯ ವಯಸ್ಸಿಗೆ ಸಿಮ್ಲಾದಲ್ಲಿ ತೀರಿಕೊಂಡರು. ಅವರ ನಂತರ ಮಲಮಗಳು ವಹೀದಾ ಬೇಗಂ, ಮುಂದೆ ಮಗ ಇಮ್ತಿಯಾಜ್ ಅಲಿ ತಾಜ್ ಸಂಪಾದಕರಾದರು. ಬೈಗುಳ ಹೊತ್ತು ಹಿಂದಿರುಗಿದ್ದ ಆ ಪತ್ರಿಕೆ ನಲವತ್ತು ವರ್ಷಗಳಿಗೂ ಮೀರಿ ಬಾಳಿತು.