ಎರೆ ಹೊಲಕ್ಕೆ ಗೊಬ್ಬರ ಬಂದ ಕಥೆ

ಆದವಾನಿ ಸೀಮೆಯ ಯಾವ ಊರಿನ ಕಟ್ಟೆ ಮೇಲೆ ಕೂತರೂ ಒಂದು ಮಾತು ಕಿವಿಗೆ ಬೀಳುತ್ತದೆ: ಸರಕಾರಿ ಗೊಬ್ಬರ ಬಂದಮೇಲೆ ಭೂಮಿ ಸತ್ತೋಯ್ತು ಅಂತ. ಇದರಲ್ಲಿ ಅರ್ಧ ನಿಜ ಇದೆ. ಉಳಿದರ್ಧವನ್ನು ನಾನು ಒಪ್ಪುವುದಿಲ್ಲ.

ಹಿಂದಿನ ಕಾಲವೇನೂ ಬಂಗಾರದ್ದಲ್ಲ. 1876ರಿಂದ 78ರ ದೊಡ್ಡ ಬರದಲ್ಲಿ, ಆಗ ನಾವಿದ್ದ ಬಳ್ಳಾರಿ ಜಿಲ್ಲೆಯಲ್ಲಿ, ಜನವೂ ದನವೂ ಹಸಿವಿನಿಂದ ಸತ್ತವು. ಆದರೂ ಆ ಬೇಸಾಯದಲ್ಲಿ ಒಂದು ಲೆಕ್ಕ ಇತ್ತು. ಎರೆ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಬಿಟ್ಟು, ಕುಂಟೆ ಹೊಡೆದು, ಹಿಂಗಾರಿಗೆ ಬಿಳಿಜೋಳ ಹಾಕುತ್ತಿದ್ದರು. ಹಸಿ ಉಳಿಸೋದಕ್ಕೆ ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ಕೆಲಸವೂ ಒಳಗೊಳಗೇ ನಡೀತಿತ್ತು. ಬೇಸಿಗೆಯಲ್ಲಿ ಕಾದ ಮಣ್ಣಿಗೆ ಮೊದಲ ಮಳೆ ಬಿದ್ದ ಕೂಡಲೇ ಅದರೊಳಗಿನ ಸೂಕ್ಷ್ಮಜೀವಿಗಳು ಎದ್ದು, ಹಳೇ ಬೇರು, ಸಗಣಿ ಎಲ್ಲ ತಿಂದು ಸಾರಜನಕ ಬಿಡುತ್ತವೆ. ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಇದನ್ನು ಅಳೆದು ನೋಡಿ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಬರೆದ. ಬೆಳೆಯಿಲ್ಲದ ಹೊಲದಲ್ಲಿ ಆ ಸಾರಜನಕ ಹಿಂಗಾರಿ ಜೋಳಕ್ಕೆ ಅಂತ ಕೂಡಿಬೀಳುತ್ತಿತ್ತು. ಅಕ್ಕಡಿಗೆ ಹಾಕಿದ ತೊಗರಿಯ ಬೇರಿನ ಗಂಟಿನಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಹಿಡಿಯುತ್ತಿತ್ತು. ಇನ್ನು ತಿಪ್ಪೆ ಇತ್ತು, ಹೊಲದಾಗ ಕುರಿ ತರುಬಿಸೋದು ಇತ್ತು.

ಸಾಕಾಗುವಷ್ಟು ಇತ್ತೇ? ಇರಲಿಲ್ಲ. 1889ರಲ್ಲಿ ಇಂಗ್ಲೆಂಡಿನಿಂದ ಬಂದ ವೋಲ್ಕರ್ ದೇಶವೆಲ್ಲ ತಿರುಗಿ 1893ರಲ್ಲಿ ವರದಿ ಕೊಟ್ಟ. ಸಗಣಿ ಕುರುಳಾಗಿ ಒಲೆಗೆ ಹೋಗುತ್ತದೆ, ಎಣ್ಣೆಕಾಳು ಮತ್ತು ಮೂಳೆ ಹಡಗು ಹತ್ತುತ್ತವೆ, ಹೊಲಕ್ಕೆ ಏನು ಉಳೀತು ಅನ್ನೋದು ಅವನ ಚಿಂತೆ. ನಮ್ಮ ರೈತ ದಡ್ಡ ಅಂತ ಅವನು ಬರೆಯಲಿಲ್ಲ, ಇದನ್ನು ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು. 1906ರಲ್ಲಿ ರಾಣಿಪೇಟೆಯಲ್ಲಿ ಸೂಪರ್ ಫಾಸ್ಫೇಟ್ ತಯಾರಾಗತೊಡಗಿತು. ಆದರೆ ಮಳೆ ನಂಬಿದ ಜೋಳಕ್ಕೆ ಅದನ್ನು ಯಾರು ಕೊಳ್ಳಬೇಕು? 1930ರ ದಶಕದಲ್ಲಿ ಬಳ್ಳಾರಿ ಹತ್ತಿರದ ಹಗರಿಯಲ್ಲಿ ನಡೆದ ಒಣಬೇಸಾಯದ ಪ್ರಯೋಗಗಳೂ ಹೆಚ್ಚಾಗಿ ಹಸಿ ಹಿಡಿದಿಡುವ ದಾರಿ ಹುಡುಕಿದವು.

ಕಥೆ ತಿರುಗಿದ್ದು 1953ರಲ್ಲಿ. ಅದೇ ವರ್ಷ ತುಂಗಭದ್ರೆಯ ನೀರು ಕಾಲುವೆಗೆ ಬಿತ್ತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಬಿಟ್ಟು ಆಂಧ್ರಕ್ಕೆ ಸೇರಿದವು. ಕೆಳಮಟ್ಟದ ಕಾಲುವೆ ಬಗಲಿಗೆ ಭತ್ತ ಬಂತು. 1964ರಲ್ಲಿ ಸಿಎಸ್‌ಎಚ್-1 ಹೈಬ್ರಿಡ್ ಜೋಳ ಬಂತು. ಈ ತಳಿಗಳು ತಿಂದಷ್ಟು ಕೊಡುವಂಥವು. 50 ಕಿಲೋ ಯೂರಿಯಾ ಮೂಟೆಯಲ್ಲಿ 23 ಕಿಲೋ ಸಾರಜನಕ. ಅಷ್ಟೇ ಸಾರಜನಕ ತಿಪ್ಪೆ ಗೊಬ್ಬರದಲ್ಲಿ ಬೇಕಾದರೆ ನಾಲ್ಕೂವರೆ ಟನ್ನು, ಅಂದರೆ ಎಂಟು-ಹತ್ತು ಬಂಡಿ ಹೊಡೀಬೇಕು. ಮೂಟೆ ಹೆಗಲಿಗೇರಿಸಿದ ರೈತನನ್ನು ನಾನಂತೂ ಬೈಯಲಾರೆ.

ಆದರೆ ಯೂರಿಯಾ ನೇರ ಜೋಳದ ಬಾಯಿಗೆ ಬೀಳೋದಿಲ್ಲ. ಮೊದಲು ಮಣ್ಣಿನ ಜೀವಿಗಳ ಕಿಣ್ವ ಅದನ್ನು ಅಮೋನಿಯಾ ಮಾಡಬೇಕು, ಆಮೇಲೆ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡಬೇಕು. ನಮ್ಮ ಎರೆಯಲ್ಲಿ ಸುಣ್ಣದ ಹರಳು ಜಾಸ್ತಿ. ಹಾಗಾಗಿ ಮೇಲೆ ಚೆಲ್ಲಿದ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಗಾಳಿಯಾಗಿ ಹಾರಿಹೋಗುತ್ತದೆ. ಭತ್ತದ ಗದ್ದೆಯಲ್ಲಿ, ಗಾಳಿಯಾಡದ ಕೆಸರಿನಲ್ಲಿ, ಇನ್ನೊಂದು ಜಾತಿಯ ಜೀವಿಗಳು ನೈಟ್ರೇಟನ್ನೂ ಗಾಳಿ ಮಾಡಿಬಿಡುತ್ತವೆ. ದುಡ್ಡು ನಮ್ಮದು, ಹಾರೋದು ಅದು. ಅದೇ ಸುಣ್ಣ ರಂಜಕವನ್ನೂ ಕಟ್ಟಿಹಾಕುತ್ತದೆ, ಸತುವನ್ನೂ ಬೇರಿಗೆ ಸಿಗಗೊಡೋದಿಲ್ಲ.

ಹಾಗಾದರೆ ಮೂಟೆ ಗೊಬ್ಬರ ಮಣ್ಣಿನ ಜೀವಿಗಳನ್ನು ಕೊಂದಿತೇ? ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿಯ ಪ್ರಯೋಗ ನಡೆದಿದೆ. ಅಲ್ಲಿ ರಾಸಾಯನಿಕ ಮಾತ್ರ ಹಾಕಿದ ಪಟ್ಟಿಗಳೂ ಇವತ್ತಿಗೂ ಬೆಳೆ ಕೊಡುತ್ತಿವೆ, ಅವುಗಳ ಮಣ್ಣು ಸತ್ತಿಲ್ಲ. ಆದರೆ ವರ್ಷವರ್ಷ ಕೊಟ್ಟಿಗೆ ಗೊಬ್ಬರ ಕಂಡ ಪಟ್ಟಿಯಲ್ಲಿ ಇಂಗಾಲ ದುಪ್ಪಟ್ಟಿಗೂ ಮೀರಿದೆ, ಜೀವಿಗಳೂ ಎಷ್ಟೋ ಹೆಚ್ಚು. ನಮ್ಮ ದೇಶದಲ್ಲಿ 1970ರಲ್ಲಿ ಶುರುವಾದ ದೀರ್ಘ ಪ್ರಯೋಗಗಳಲ್ಲೂ ಸಾರಜನಕ ಒಂದನ್ನೇ ಹಾಕಿದ ಕಡೆ ಇಳುವರಿ ಕುಸಿಯಿತು, ಹುಳಿ ಸ್ವಭಾವದ ಕೆಂಪು ಮಣ್ಣಿನಲ್ಲಂತೂ ತೀರಾ. ಸಾರಜನಕ, ರಂಜಕ, ಪೊಟ್ಯಾಷ್ ಮೂರರ ಜೊತೆ ಸಗಣಿ ಗೊಬ್ಬರ ಸೇರಿಸಿದ ಕಡೆ ನಿಂತಿತು.

ನಮ್ಮಲ್ಲಿ ಆದದ್ದು ಇದೇ. ಮೂಟೆ ಬಂತು, ತಿಪ್ಪೆ ಹೋಯಿತು. ಟ್ರ್ಯಾಕ್ಟರ್ ಬಂದು ಎತ್ತು ಕರಗಿದವು. ಜೋಳದ ಜಾಗಕ್ಕೆ ಹತ್ತಿ ನುಗ್ಗಿತು, ಸೊಪ್ಪೆ ಇಲ್ಲದೆ ದನ ಕಟ್ಟೋರು ಯಾರು? 1992ರ ಆಗಸ್ಟಿನಲ್ಲಿ ಸರಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಹತೋಟಿ ಬಿಟ್ಟಿತು, ಯೂರಿಯಾದ್ದು ಮಾತ್ರ ಇಟ್ಟುಕೊಂಡಿತು. ಅಗ್ಗದ್ದೇ ಹೊಲಕ್ಕೆ ಬಿತ್ತು. ಎಲೆ ಹಸಿರಾಗಿ ಕಂಡಿತು, ತೆನೆ ಹಾಗೆ ತುಂಬಲಿಲ್ಲ.

2015ರಿಂದ ಮಣ್ಣಿನ ಆರೋಗ್ಯ ಕಾರ್ಡು ಕೊಡುತ್ತಿದ್ದಾರೆ. ನಮಗೆ ಬರೋದು ತೆಲುಗಿನಲ್ಲಿ. ಅದರಲ್ಲಿ 'ಸೇಂದ್ರಿಯ ಕರ್ಬನಂ' ಅಂತ ಒಂದು ಸಾಲಿದೆ. ಸಾವಯವ ಇಂಗಾಲ, ಅಂದರೆ ಸೂಕ್ಷ್ಮಜೀವಿಗಳ ಊಟ. ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತ ಅರ್ಥ. ಗೊಬ್ಬರದಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಓದೋ ಹುಡುಗರ ಕೈಲಿ ಆ ಒಂದು ಸಾಲನ್ನು ಓದಿಸಿ ನೋಡಿ.