ಮಾಮಾನ ಮ್ಯಾಲಿನ ಸಂಶೇ

ಮನ್ಯಾಗ ಕೆಟ್ಟದ್ದೇನರ ಆತು ಅಂದ್ರ ಓಣ್ಯಾಗಿನ ಕಣ್ಣು ಮೊದಲ ಹೋಗೋದು ಆವತ್ತು ಆ ಮನಿಗೆ ಬಂದ ನೆಂಟನ ಮ್ಯಾಲೆ. "ಹೇಳದ ಕೇಳದ ಯಾಕ ಬಂದಿದ್ದಾ ಅಂವಾ?" ಅಂತ ಶುರು ಆಗ್ತದ. ಇದು ನಮ್ಮ ಕಡೆ ಅಷ್ಟ ಅಲ್ರಿ, ಅಮೆರಿಕಾದಾಗೂ ಹಂಗ. ಅಲ್ಲೆ ಒಬ್ಬ ಸೋದರಮಾವನ ಮ್ಯಾಲೆ 130 ವರ್ಷದ ಮ್ಯಾಲಾದ್ರೂ ಸಂಶೇ ಹೋಗಿಲ್ಲ.

ಮಸಾಚುಸೆಟ್ಸ್ ರಾಜ್ಯದಾಗ ಫಾಲ್ ರಿವರ್ ಅಂತ ಹತ್ತಿ ಗಿರಣಿ ಊರು. ಅಲ್ಲೆ ಆ್ಯಂಡ್ರೂ ಬೋರ್ಡನ್ ಅಂತ 69 ವರ್ಷದ ಸಾಹುಕಾರ. ರೊಕ್ಕ ಭಾಳ, ಕೈ ಬಿಗಿ. ಎರಡನೇ ಹೆಂಡತಿ ಆ್ಯಬಿ. ತೀರಿಹೋದ ಮೊದಲನೇ ಹೆಂಡತಿಯ ಹೆಣ್ಣುಮಕ್ಕಳು ಎಮ್ಮಾ, ಲಿಜ್ಜಿ; ಇಬ್ಬರದೂ ಮದುವಿ ಆಗಿದ್ದಿಲ್ಲ. ಕೆಲಸದಾಕಿ ಬ್ರಿಜೆಟ್, ಐರ್ಲಂಡಿನಾಕಿ. 1892ರ ಆಗಸ್ಟ್ 4ನೇ ತಾರೀಖು ಮಧ್ಯಾಹ್ನದೊಳಗ ಗಂಡ-ಹೆಂಡತಿ ಇಬ್ಬರೂ ಕೊಡಲಿ ಏಟಿಗೆ ಸತ್ತಿದ್ರು. ಎಮ್ಮಾ ಪರವೂರಾಗಿದ್ಲು. ಲಿಜ್ಜಿ, ಬ್ರಿಜೆಟ್ ಇಬ್ಬರ ಮನ್ಯಾಗ.

ಹಿಂದಿನ ದಿನ ಮಧ್ಯಾಹ್ನ ಜಾನ್ ಮೋರ್ಸ್ ಬಂದಿದ್ದಾ. ಮೊದಲನೇ ಹೆಂಡತಿಯ ತಮ್ಮ, ಅಂದ್ರ ಹುಡಿಗ್ಯಾರಿಗೆ ಮಾಮಾ. ಕೈಯಾಗ ಒಂದು ಚೀಲಾನೂ ಇದ್ದಿಲ್ಲ. ರಾತ್ರಿ ಮಲಗಿದ್ದು ಯಾವ ಖೋಲಿಯೊಳಗ, ಮರುದಿನ ಆ್ಯಬಿ ಸತ್ತಿದ್ದೂ ಅದ ಖೋಲಿಯೊಳಗ. ಅಂವಾ ಮಲಗೆದ್ದ ಹಾಸಗಿ ಸರಿ ಮಾಡಿ, ದಿಂಬಿಗೆ ಚೀಲಾ ಹಾಕಲಿಕ್ಕೆ ಅಕಿ ಮ್ಯಾಲೆ ಹೋಗಿದ್ಲು. ಮಾಮಾ ಮಧ್ಯಾಹ್ನ ಊಟಕ್ಕ ಅಂತ ವಾಪಸ್ ಬಂದಾಂವಾ ಸೀದಾ ಒಳಗ ಹೋಗಲಿಲ್ಲ, ಹಿತ್ತಲದಾಗ ನಿಂತು ಪಿಯರ್ ಹಣ್ಣು ತಿಂದಾ. (ನಮ್ಮ ಪೇರಲ ಅಲ್ರಿ, ಅದು ಬ್ಯಾರೆ.) ಒಳಗ ಎರಡು ಹೆಣಾ! ಇಷ್ಟ ಸಾಕಲ್ಲಾ ಮಂದಿಗೆ? ಮಾಮಾನ ಹೊಡದಾ ಅಂದ್ರು ಕೆಲವರು. ಹೊಡೀಲಿಕ್ಕೆ ಹಚ್ಚಿದಾ ಅಂದ್ರು ಇನ್ನ ಕೆಲವರು.

ಈಗ ಗಡಿಯಾರ ನೋಡೂಣ. ಮಾಮಾ ಮನಿ ಬಿಟ್ಟಿದ್ದು ಒಂಬತ್ತಕ್ಕ ಹತ್ತು-ಹದಿನೈದು ನಿಮಿಷ ಕಡಿಮಿ. ಒಂಬತ್ತರ ಸುಮಾರಿಗೆ ಆ್ಯಬಿ ಬ್ರಿಜೆಟ್‌ಗೆ "ಕಿಡಕಿ ತೊಳಿ" ಅಂತ ಹೇಳಿದ್ಲು. ಅಂದ್ರ ಅಂವಾ ಹೋದ ಮ್ಯಾಲೂ ಅಕಿ ಜೀವಂತ. ಆ್ಯಂಡ್ರೂ ಪ್ಯಾಟಿಯಿಂದ ಬಂದು ಸೋಫಾದ ಮ್ಯಾಲೆ ಒರಗಿ, ಹನ್ನೊಂದರ ಆಸುಪಾಸು ಸತ್ತಾ. ಆ ಹೊತ್ತಿಗೆ ಮಾಮಾ ಮೈಲಿಗಿಂತ ದೂರ ಇನ್ನೊಬ್ಬ ನೆಂಟರ ಮನ್ಯಾಗ ಕೂತಿದ್ದಾ. ಪೊಲೀಸರು ವಿಚಾರ್ಸಿದ್ರು, ಅವರೂ ಹೌದು ಅಂದ್ರು. ಹಣ್ಣು ತಿಂದದ್ದು ತಪ್ಪಂದ್ರ ಏನ್ ಹೇಳೂಣ್ರಿ? ಒಳಗಿನ ಸುದ್ದಿ ಗೊತ್ತಿಲ್ಲದಾಂವಾ ಹಸಿವಾದ್ರ ಗಿಡದ ಹಣ್ಣು ತಿಂತಾನ.

ಹಂಗಾರ ಆಸ್ತಿ ಮಾತು? ಅದು ಖಾಲಿ ಅಲ್ಲ. 1887ರಾಗ ಆ್ಯಂಡ್ರೂ, ಆ್ಯಬಿಯ ತಂಗಿ ಇದ್ದ ಮನ್ಯಾಗ ಅರ್ಧಾ ಪಾಲು ಕೊಂಡು ಹೆಂಡತಿಗೆ ಕೊಟ್ಟಿದ್ದಾ. ಅಲ್ಲಿಂದ ಲಿಜ್ಜಿ ಮಲತಾಯಿಗೆ "ಅವ್ವಾ" ಅನ್ನೋದ ಬಿಟ್ಟು "ಮಿಸೆಸ್ ಬೋರ್ಡನ್" ಅನ್ನಲಿಕ್ಕೆ ಹತ್ತಿದ್ಲು. 1967ರಾಗ ವಿಕ್ಟೋರಿಯಾ ಲಿಂಕನ್ ಅನ್ನೋ ಲೇಖಕಿ, ಸ್ವಾನ್ಸಿ ಊರಿನ ಹೊಲಾ ಆ್ಯಬಿ ಹೆಸರಿಗೆ ಹೋಗೋದಿತ್ತು, ಮಾಮಾ ಬಂದದ್ದೂ ಅದಕ್ಕ ಸಂಬಂಧ ಇತ್ತು ಅಂತ ಬರದ್ಲು. ಅಂಥಾ ಕಾಗದಾ ಕೋರ್ಟಿಗೇನೂ ಬರಲಿಲ್ಲ. ಆದ್ರ ಒಂದು ಲೆಕ್ಕ ಕೇಳ್ರಿ. ಗಂಡ ಮೊದಲ ಸತ್ತಿದ್ರ ಆ್ಯಬಿ ಪಾಲು ಅಕಿ ತವರಿನವರಿಗೆ ಹೋಗ್ತಿತ್ತು. ಆ್ಯಬಿ ಗಂಟೆ-ಗಂಟೂವರಿ ಮೊದಲ ಸತ್ತದ್ದಕ್ಕ ಆಸ್ತಿ ಎಲ್ಲಾ ಇಬ್ಬರು ಹೆಣ್ಣುಮಕ್ಕಳಿಗೆ ಬಂತು. ಮಾಮಾಗ ಒಂದು ಬಿಡಿಗಾಸೂ ಇಲ್ಲ.

1893ರ ಜೂನ್‌ದಾಗ ಲಿಜ್ಜಿ ಮ್ಯಾಲಿನ ಖಟ್ಲೆ ನಡದು, ಪಂಚರು ತಪ್ಪಿಲ್ಲಂತ ಬಿಟ್ರು. ಮುಂದ ಯಾರನ್ನೂ ಕೋರ್ಟಿಗೆ ಎಳೀಲಿಲ್ಲ. ಪುಸ್ತಕ ಬರದವರು ಮಾತ್ರ ಒಬ್ಬರು ಬ್ರಿಜೆಟ್ ಅಂದ್ರು, ಒಬ್ಬರು ಎಮ್ಮಾ ಅಂದ್ರು, ಮತ್ತೊಬ್ಬರು ಆ್ಯಂಡ್ರೂನ ಕದ್ದು ಹುಟ್ಟಿದ ಮಗ ಅಂದ್ರು. ಮನ್ಯಾಗ ಕಾಲಿಟ್ಟವರೆಲ್ಲಾ ಸರತಿ ಪ್ರಕಾರ ಕೊಲಿಗಾರರಾದ್ರು!

ವಿಚಿತ್ರ ನಡತಿ ಬ್ಯಾರೆ, ಸಾಕ್ಷಿ ಬ್ಯಾರೆ. ಮಾಮಾನ ಪರವಾಗಿ ಗಟ್ಟಿ ನಿಂತದ್ದು ಯಾವ ವಕೀಲನ ಮಾತೂ ಅಲ್ಲ, ಆ್ಯಬಿ ಕಿಡಕಿ ತೊಳಿ ಅಂತ ಹೇಳಿದ ಒಂದು ಮಾತು. ಅದನ್ನ ಕೇಳಿ ನೆನಪಿಟ್ಟಾಕಿ ಮನಿ ಕೆಲಸದ ಹುಡಿಗಿ. ನಾವು ದಿನಾ ಆಡೋ ಮನಿ ಮಾತು ಸಣ್ಣವು ಅನ್ನಬ್ಯಾಡ್ರಿ.