ಯಾವ ಕಾಲದ ಪೆಟ್ಟಿಗೆ?

ಜೀರ್ಣೋದ್ಧಾರ ಎಂಬ ಮಾತು ಕೇಳುವುದಕ್ಕೆ ಸರಳ. ಹಾಳಾದದ್ದನ್ನು ಮೊದಲಿನಂತೆ ಮಾಡುವುದು, ಅಷ್ಟೇ. ಆದರೆ 'ಮೊದಲು' ಎಂದರೆ ಯಾವಾಗ ಎಂದು ಯಾರಾದರೂ ಕೇಳಿದರೆ ತೊಡಕು ಶುರುವಾಗುತ್ತದೆ. ನಮ್ಮ ಕಡೆಯ ಹಳೆಯ ದೇವಸ್ಥಾನಗಳನ್ನೇ ನೋಡಿ. ಗರ್ಭಗುಡಿ ಒಂದು ಕಾಲದ್ದು, ನವರಂಗ ಇನ್ನೊಂದು ಕಾಲದ್ದು, ಗೋಪುರ ಮತ್ತೂ ಈಚಿನದು. ಇವೆಲ್ಲದರ ಮೇಲೆ ಮೊನ್ನೆ ಮೊನ್ನೆ ಬಳಿದ ಎಣ್ಣೆಬಣ್ಣ. ಯಾವುದನ್ನು ಉಳಿಸಬೇಕು, ಯಾವುದನ್ನು ಕೆರೆದು ತೆಗೆಯಬೇಕು? ಈ ಪ್ರಶ್ನೆ ನನಗೆ ನಿಜವಾಗಿ ಎದುರಾದದ್ದು ಯಾವ ದೇವಸ್ಥಾನದಲ್ಲೂ ಅಲ್ಲ, ಅಮೆರಿಕಾದ ನನ್ನ ಮನೆಯ ಗ್ಯಾರೇಜಿನಲ್ಲಿ, ಒಂದು ಹಳೆಯ ವೀಡಿಯೋ ಗೇಮ್ ಪೆಟ್ಟಿಗೆಯ ಮುಂದೆ.

ಅಂಥ ಪೆಟ್ಟಿಗೆಯನ್ನು ನೋಡದವರಿಗಾಗಿ ಎರಡು ಮಾತು. ಹೆಚ್ಚುಕಡಿಮೆ ಆಳೆತ್ತರದ ಮರದ ಬೀರು. ಎದೆಯ ಮಟ್ಟದಲ್ಲಿ ಒಂದು ಹಿಡಿಕೋಲು, ಅದರ ಮೇಲೆ ಗಾಜಿನ ಹಿಂದೆ ಟೀವಿಯಂಥ ಪಿಕ್ಚರ್ ಟ್ಯೂಬ್, ಕೆಳಗೆ ನಾಣ್ಯ ಹಾಕುವ ಬಾಗಿಲು. ನಾನು ತಂದದ್ದು ಮುಚ್ಚಿಹೋಗುತ್ತಿದ್ದ ಒಂದು ಪಿಜ್ಜಾ ಅಂಗಡಿಯಿಂದ. ಮೈತುಂಬ ಕಪ್ಪು ಬಣ್ಣ, ಮುಂದೆ ಎರಡು ಹಿಡಿಕೋಲು, ಹನ್ನೆರಡು ಗುಂಡಿ. ಇಬ್ಬರು ನಿಂತು ಗುದ್ದಾಡುವ ಆಟ ಅದರಲ್ಲಿತ್ತಂತೆ. ಈಗ ಟ್ಯೂಬಿನಲ್ಲಿ ಒಂದು ಬಿಳಿ ಗೆರೆ ಬಿಟ್ಟರೆ ಏನೂ ಇಲ್ಲ. "ಇದನ್ನ ತಂದಿದ್ದೀರಲ್ಲ, ಕಾರು ಎಲ್ಲಿ ನಿಲ್ಲಿಸೋಣ?" ಎಂದು ನನ್ನ ಹೆಂಡತಿ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಸ್ಯಾಂಡ್‌ಪೇಪರ್ ಹಿಡಿದು ಎಡಮಗ್ಗುಲಿನ ಕಪ್ಪು ಬಣ್ಣವನ್ನು ತಿಕ್ಕುತ್ತಾ ಹೋದಂತೆ ಅಡಿಯಿಂದ ಹಳದಿ ಕಾಣಿಸಿತು. ಮತ್ತೆ ಒಂದು ಗೇಣು ತಿಕ್ಕಿದೆ. ಕಾಲುಳ್ಳ, ಬಾಯಿ ತೆರೆದ ಒಂದು ದುಂಡನೆಯ ಆಕೃತಿ. ಅದು ಪ್ಯಾಕ್‌ಮ್ಯಾನ್ ಪೆಟ್ಟಿಗೆ. ಜಪಾನಿನ ನಾಮ್ಕೋ ಕಂಪನಿಯ ತೋರು ಇವಾತಾನಿ ರೂಪಿಸಿ 1980ರಲ್ಲಿ ಹೊರಬಂದ, ಅಮೆರಿಕಾದಲ್ಲಿ ಮಿಡ್‌ವೇ ಕಂಪನಿ ತಯಾರಿಸಿ ಮಾರಿದ ಆಟ. ಹಾಗಾದರೆ ನಾನು ಉದ್ಧಾರ ಮಾಡಬೇಕಾದದ್ದು ಹಳದಿಯನ್ನೋ ಕಪ್ಪನ್ನೋ?

ಮೊದಲಿಗೆ ಕಪ್ಪು ಬಳಿದವರ ಮೇಲೆ ಕೋಪ ಬಂತು. ಆದರೆ ಈ ಯಂತ್ರಗಳ ಚರಿತ್ರೆ ಓದುತ್ತಾ ಹೋದಂತೆ ಕೋಪ ಇಳಿಯಿತು. ಈ ವ್ಯಾಪಾರದ ಲೆಕ್ಕವೇ ಬೇರೆ. ಆಟದ ಹೊಸತನ ಕೆಲವು ತಿಂಗಳಲ್ಲಿ ತೀರುತ್ತದೆ. ಮರದ ಪೆಟ್ಟಿಗೆ, ಟ್ಯೂಬು, ನಾಣ್ಯದ ಬಾಗಿಲು ಹತ್ತಾರು ವರ್ಷ ಬಾಳುತ್ತವೆ. ನಾಣ್ಯ ಬೀಳದ ಯಂತ್ರ ಅಂಗಡಿಯವನಿಗೆ ದಂಡ. ಹೊಸ ಪೆಟ್ಟಿಗೆ ಕೊಳ್ಳುವುದಕ್ಕಿಂತ ಹಳೆಯದರ ಒಳಗನ್ನು ಬದಲಿಸುವುದು ಎಷ್ಟೋ ಅಗ್ಗ.

ಇದು ಸಣ್ಣಪುಟ್ಟ ಅಂಗಡಿಯವರ ಜಾಣತನ ಮಾತ್ರವಲ್ಲ. ನಿಂಟೆಂಡೋ ಕಂಪನಿಯ ಅಮೆರಿಕಾ ಶಾಖೆ ರಾಡಾರ್ ಸ್ಕೋಪ್ ಎಂಬ ಆಟದ ಸುಮಾರು 3,000 ಪೆಟ್ಟಿಗೆಗಳನ್ನು ತರಿಸಿಕೊಂಡಿತ್ತು. ಹಡಗಿನಲ್ಲಿ ಅವು ಬಂದು ಸೇರುವಷ್ಟರಲ್ಲಿ ಜನರ ಆಸಕ್ತಿ ಆರಿಹೋಗಿ, ಸುಮಾರು 2,000 ಉಗ್ರಾಣದಲ್ಲೇ ಉಳಿದವು. ಅವೇ ಪೆಟ್ಟಿಗೆಗಳಿಗೆ ಹೊಂದುವ ಹೊಸ ಆಟವೊಂದನ್ನು ಮಾಡುವ ಕೆಲಸ ಶಿಗೆರು ಮಿಯಾಮೊತೋ ಎಂಬ ತರುಣನ ಪಾಲಿಗೆ ಬಂತು. ಅದರಿಂದ ಹುಟ್ಟಿದ್ದೇ 1981ರ ಡಾಂಕಿ ಕಾಂಗ್. ಜಪಾನಿನಿಂದ ಬಂದ ಭಾಗಗಳನ್ನು ಶಾಖೆಯ ಮುಖ್ಯಸ್ಥ ಮಿನೋರು ಅರಕಾವಾ, ಅವರ ಪತ್ನಿ ಮತ್ತು ಬೆರಳೆಣಿಕೆಯ ಸಹೋದ್ಯೋಗಿಗಳು ತಾವೇ ಕೂತು ಆ ಪೆಟ್ಟಿಗೆಗಳಿಗೆ ಜೋಡಿಸಿದರು. ಮೊದಲ ಡಾಂಕಿ ಕಾಂಗ್ ಪೆಟ್ಟಿಗೆಗಳು ಕೆಂಪು, ಆಮೇಲಿನವು ನೀಲಿ. ಆ ಕೆಂಪು ರಾಡಾರ್ ಸ್ಕೋಪಿನದು. ಅದನ್ನು ಯಾರಾದರೂ 'ಮೂಲಕ್ಕೆ' ಮರಳಿಸಹೊರಟರೆ ಡಾಂಕಿ ಕಾಂಗನ್ನೇ ಕಿತ್ತುಹಾಕಬೇಕಾಗುತ್ತದೆ!

ನನ್ನ ಪೆಟ್ಟಿಗೆಗೆ ಇನ್ನೂ ಹತ್ತಿರದ ಕಥೆ ಮಿಸ್ ಪ್ಯಾಕ್‌ಮ್ಯಾನಿನದು. ಎಂ.ಐ.ಟಿ.ಯಲ್ಲಿ ಓದುತ್ತಿದ್ದ ಡಗ್ ಮ್ಯಾಕ್ರೇ ಮತ್ತು ಕೆವಿನ್ ಕರನ್ ಕ್ಯಾಂಪಸ್ಸಿನಲ್ಲಿ ಕೆಲವು ಯಂತ್ರಗಳನ್ನಿಟ್ಟು ನಡೆಸುತ್ತಿದ್ದರು. ಅಟಾರಿ ಕಂಪನಿಯ ಮಿಸೈಲ್ ಕಮಾಂಡ್ ಆಟಕ್ಕೆ ಗಿರಾಕಿ ಕಡಿಮೆಯಾದಾಗ, ಅದಕ್ಕೆ ಸೇರಿಸುವ ಒಂದು ಬೋರ್ಡು ಮಾಡಿ ಆಟವನ್ನು ಹೊಸದಾಗಿಸಿ ಮಾರಿದರು. ಅಟಾರಿ 1981ರಲ್ಲಿ ಮೊಕದ್ದಮೆ ಹೂಡಿತು. ಕೊನೆಗೆ ರಾಜಿಯಾಗಿ ಆ ಹುಡುಗರಿಗೇ ಕೆಲಸ ಕೊಟ್ಟಿತು. ಮೂಲ ತಯಾರಕರ ಒಪ್ಪಿಗೆಯಿಲ್ಲದೆ ಇಂಥ ಬೋರ್ಡು ಮಾರುವಂತಿಲ್ಲ ಎಂಬುದು ರಾಜಿಯ ಷರತ್ತು. ಆಗ ಅವರ ಕೈಯಲ್ಲಿ ಪ್ಯಾಕ್‌ಮ್ಯಾನಿಗಾಗಿ ಮಾಡಿದ 'ಕ್ರೇಜಿ ಆಟೋ' ಎಂಬ ಬೋರ್ಡಿತ್ತು. ಅದನ್ನು ಹಿಡಿದು ನೇರ ಮಿಡ್‌ವೇ ಬಾಗಿಲಿಗೆ ಹೋದರು. ಅದೇ 1982ರಲ್ಲಿ ಮಿಸ್ ಪ್ಯಾಕ್‌ಮ್ಯಾನ್ ಆಗಿ ಹೊರಬಂದು ಒಂದು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆ ಮಾರಾಟವಾಯಿತು.

ಆ ಜೋಡಣೆಯ ರೀತಿ ನೋಡಬೇಕು. ಪ್ಯಾಕ್‌ಮ್ಯಾನ್ ಬೋರ್ಡಿನ ಮುಖ್ಯ ಚಿಪ್ಪನ್ನು ಅದರ ಸಾಕೆಟ್ಟಿನಿಂದ ಬಿಡಿಸಿ, ಆ ಜಾಗದಿಂದ ಒಂದು ಚಪ್ಪಟೆ ಕೇಬಲ್ ಎಳೆದು ಸಣ್ಣ ಬೋರ್ಡು ಸೇರಿಸುತ್ತಾರೆ. ಹಳೆಯ ಪ್ರೋಗ್ರಾಮಿನ ಚಿಪ್ಪುಗಳು ಇದ್ದಲ್ಲೇ ಇರುತ್ತವೆ. ಹೊಸ ಬೋರ್ಡು ಬೇಕಾದ ಕಡೆ ಮಾತ್ರ ತೇಪೆ ಹಾಕುತ್ತದೆ. ಹಾಗಾಗಿ ಹಳೆಯ ಆಟ ಹೊಸದರ ಹೊಟ್ಟೆಯಲ್ಲಿ ಹಾಗೇ ಉಳಿದಿದೆ. ಸಣ್ಣ ಬೋರ್ಡು ತೆಗೆದು ಚಿಪ್ಪನ್ನು ಮತ್ತೆ ಅದರ ಸಾಕೆಟ್ಟಿಗೆ ಕೂರಿಸಿದರೆ ಪ್ಯಾಕ್‌ಮ್ಯಾನ್ ವಾಪಸ್ಸು. ಬದಲಾವಣೆ ಎಂದರೆ ಹೀಗಿರಬೇಕು ಎಂದು ನನಗನ್ನಿಸಿದ್ದು ಇದನ್ನು ತಿಳಿದಾಗ.

ಆಮೇಲೆ ಬದಲಿಸುವುದೇ ಪದ್ಧತಿಯಾಯಿತು. 1985ರಲ್ಲಿ ಜಪಾನಿನ ತಯಾರಕರ ಸಂಘ ಜಾಮಾ ಎಂಬ ಒಂದು ಮಾದರಿ ತಂದಿತು. ಮಗ್ಗುಲಿಗೆ 28ರಂತೆ 56 ಸಂಪರ್ಕಗಳ ಒಂದೇ ಕನೆಕ್ಟರ್. ಕರೆಂಟು, ಚಿತ್ರ, ಸದ್ದು, ಗುಂಡಿ ಎಲ್ಲದರ ತಂತಿಯೂ ಅದರಲ್ಲೇ. ಒಂದು ಬೋರ್ಡು ಎಳೆದು ಇನ್ನೊಂದನ್ನು ಸಿಕ್ಕಿಸಿದರೆ ಆಟ ಬದಲು. 1991ರಲ್ಲಿ ಸ್ಟ್ರೀಟ್ ಫೈಟರ್ 2 ಬಂದ ಮೇಲಂತೂ ಆಟಗಾರನಿಗೆ ಆರು ಗುಂಡಿ ಬೇಕಾಯಿತು; ಹಳೆಯ ಪೆಟ್ಟಿಗೆಗಳಿಗೆ ತೂತು ಕೊರೆದರು, ಮೇಲೆ ಕಪ್ಪು ಬಳಿದರು. ನನ್ನ ಪೆಟ್ಟಿಗೆಯ ಹಿಂಬಾಗಿಲ ಒಳಮೈಯಲ್ಲಿ ರಿಪೇರಿಯವರು ಪೆನ್ಸಿಲಿನಲ್ಲಿ ಬರೆದಿಟ್ಟ ಸಾಲುಗಳಿದ್ದವು: ಫ್ಯೂಸ್ ಬದಲಿಸಿದ್ದು, ಹಿಡಿಕೋಲು ಬದಲಿಸಿದ್ದು, ತಾರೀಖುಗಳು. ಎರಡು ಮೂರು ಕೈಬರಹ. ಕಪ್ಪು ಬಳಿಯದಿದ್ದರೆ ಈ ಪೆಟ್ಟಿಗೆ ಯಾವತ್ತೋ ಕಸಕ್ಕೆ ಹೋಗಿರುತ್ತಿತ್ತು. ಅದನ್ನು ಉಳಿಸಿದ್ದೇ ಆ ಬದಲಾವಣೆ.

ನನ್ನ ಮಗನ ಸಲಹೆ ಇದೇ ಹಾದಿಯ ಮುಂದಿನ ಹೆಜ್ಜೆ. "ಅಪ್ಪ, ಒಳಗಿರೋದನ್ನೆಲ್ಲ ಕಿತ್ತು ಒಂದು ಕಂಪ್ಯೂಟರ್ ಹಾಕಿಬಿಡು. ಟ್ಯೂಬ್ ತೆಗೆದು ಫ್ಲ್ಯಾಟ್ ಸ್ಕ್ರೀನ್ ಇಡು. ಸಾವಿರ ಆಟ ಸಿಗುತ್ತೆ." ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹಳೆಯ ಯಂತ್ರಗಳ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ನಡೆಸಿ ತೋರಿಸುವ ಮೇಮ್ ಎಂಬ ಪ್ರೋಗ್ರಾಮನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಹೊರತಂದರು. ಅದು ಶುರುವಾದದ್ದೂ ಪ್ಯಾಕ್‌ಮ್ಯಾನ್ ಬೋರ್ಡಿನಿಂದಲೇ. ಸಾವಿರಾರು ಆಟಗಳು ಇವತ್ತು ಉಳಿದಿದ್ದರೆ, ಸಾಯುತ್ತಿದ್ದ ಬೋರ್ಡುಗಳ ಚಿಪ್ಪುಗಳನ್ನು ಒಂದೊಂದಾಗಿ ಓದಿ ಇಟ್ಟವರ ಪುಣ್ಯ. ಪ್ಯಾಕ್‌ಮ್ಯಾನಿನ 256ನೇ ಹಂತದಲ್ಲಿ ಎಣಿಕೆ ತಪ್ಪಿ ಅರ್ಧ ಪರದೆ ಕಲಸಿಹೋಗುವ ದೋಷವನ್ನೂ ಅದು ಹಾಗೇ ಉಳಿಸಿಕೊಂಡಿದೆ.

ಆದರೆ ಆಟವನ್ನು ನಕಲು ಮಾಡಿ ಎಷ್ಟು ಕಡೆ ಬೇಕಾದರೂ ಇಡಬಹುದು. ಟ್ಯೂಬನ್ನು ಹಾಗೆ ಮಾಡಲಾಗದು. ಅಂಥ ಟ್ಯೂಬುಗಳ ತಯಾರಿಕೆ ನಿಂತುಹೋಗಿದೆ. ಎಸೆದ ಒಂದೊಂದೂ ಶಾಶ್ವತವಾಗಿ ಹೋದಂತೆ. ಹಾಗಾಗಿ ನಾನು ಒಂದು ನಿಯಮ ಮಾಡಿಕೊಂಡೆ: ಏನೇ ಮಾಡಿದರೂ ಮುಂದಿನವನು ಅದನ್ನು ಬಿಚ್ಚಿ ಹಿಂದಕ್ಕೆ ಹೋಗುವಂತಿರಬೇಕು. ಮರಕ್ಕೆ ಹೊಸ ತೂತು ಕೂಡದು. ಇದ್ದದ್ದನ್ನು ಎಸೆಯಕೂಡದು.

ಟ್ಯೂಬಿನ ಕೆಲಸ ಹುಡುಗಾಟವಲ್ಲ. ಅದರ ಒಳಗೆ ಸುಮಾರು 20,000 ವೋಲ್ಟು ಓಡಾಡುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಅದರ ಶೇಷ ಕಚ್ಚಿಕೊಂಡಿರಬಹುದು. ಪ್ಲಗ್ ಕಿತ್ತು, ಭೂಮಿಗೆ ಸೇರಿಸಿದ ತಂತಿಯಿಂದ ಅದನ್ನು ಇಳಿಸಿಯೇ ಕೈಹಾಕಬೇಕು. ನಾನು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಣಗಿದ ಕೆಪಾಸಿಟರುಗಳನ್ನು ಬದಲಿಸಿ, ಬಿರುಕುಬಿಟ್ಟ ಬೆಸುಗೆಗಳನ್ನು ಮತ್ತೆ ಹಾಕಿದೆವು. ಬಿಳಿ ಗೆರೆ ಅಗಲವಾಗಿ ಚಿತ್ರವಾಯಿತು. ಅಡ್ಡಕ್ಕೆ ಮಲಗಿಸಿದ್ದ ಟ್ಯೂಬನ್ನು ನಾಲ್ಕು ಬೋಲ್ಟು ಬಿಚ್ಚಿ ಮತ್ತೆ ನೆಟ್ಟಗೆ ನಿಲ್ಲಿಸಿದೆವು. ಹನ್ನೆರಡು ಗುಂಡಿಯ ಫಲಕವನ್ನು ಬಟ್ಟೆ ಸುತ್ತಿ ಎತ್ತಿಟ್ಟು, ಅದೇ ಸ್ಕ್ರೂಗಳಿಗೆ ಒಂದೇ ಹಿಡಿಕೋಲಿನ ಫಲಕ ಕೂರಿಸಿದೆ. ಜಾಮಾ ತಂತಿಗಳನ್ನು ಕತ್ತರಿಸದೆ, ನಡುವೆ ಒಂದು ಅಡಾಪ್ಟರ್ ಇಟ್ಟು ಹಳೆಯ ಪ್ಯಾಕ್‌ಮ್ಯಾನ್ ಬೋರ್ಡು ಸೇರಿಸಿದೆ. ಮಗನಿಗೆ ಬೇಕಾದಾಗ ಅದೇ ಕನೆಕ್ಟರಿಗೆ ಅವನ ಕಂಪ್ಯೂಟರೂ ಬರುತ್ತದೆ, ಅದೇ ಟ್ಯೂಬಿನಲ್ಲೇ.

ಎಡಮಗ್ಗುಲು ಈಗ ಹಳದಿ. ಬಲಮಗ್ಗುಲಿನ ಕಪ್ಪನ್ನು ಹಾಗೇ ಬಿಟ್ಟಿದ್ದೇನೆ. ನೋಡಿದವರು ಕೆಲಸ ಅರ್ಧಕ್ಕೆ ನಿಂತಿದೆ ಎಂದುಕೊಳ್ಳುತ್ತಾರೆ. ನಾನು ಹಿಂಬಾಗಿಲು ತೆರೆದು ಪೆನ್ಸಿಲಿನ ಸಾಲುಗಳನ್ನು ತೋರಿಸುತ್ತೇನೆ. ಕೊನೆಯ ಸಾಲು ನನ್ನದು: ಬದಲಿಸಿದ ಕೆಪಾಸಿಟರುಗಳ ಪಟ್ಟಿ, ಎತ್ತಿಟ್ಟ ಫಲಕ ಎಲ್ಲಿದೆ ಎಂಬುದು, ತಾರೀಖು. ಅದರ ಕೆಳಗೆ ಇನ್ನೂ ಒಂದೂವರೆ ಅಡಿ ಜಾಗವಿದೆ.